ಪ್ರಶ್ನೆ ಕೇಳಿದ ಲೀಲಾವತಿ

ಹೊಸಪೇಟೆಯಿಂದ ಹಂಪೆಗೆ ಹೋಗಿ ಬಂದವರಲ್ಲಿ ಮಹಾನವಮಿ ದಿಬ್ಬದ ಸಮೀಪದ ಮೆಟ್ಟಿಲು ಪುಷ್ಕರಣಿಯನ್ನು ನೋಡದವರು ವಿರಳ. ೧೯೮೦ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದ ಈ ಕೊಳದ ಅಂದವನ್ನು ಎಲ್ಲರೂ ಮೆಚ್ಚುತ್ತಾರೆ. ಆದರೆ ಅದರ ಕರಿಯ ಕಲ್ಲುಗಳ ಮೇಲಿನ ಚಿಕ್ಕ ಗುರುತುಗಳನ್ನು ಬಗ್ಗಿ ನೋಡುವವರು ಕೆಲವರು ಮಾತ್ರ. ಕಲ್ಲು ಯಾವ ದಿಕ್ಕಿಗೆ ಸೇರಿದ್ದು, ಎಷ್ಟನೆಯ ಸಾಲಿನದು, ಆ ಸಾಲಿನಲ್ಲಿ ಎಲ್ಲಿ ಕೂಡಬೇಕಾದದ್ದು ಎಂಬುದನ್ನು ಆ ಗುರುತುಗಳು ಹೇಳುತ್ತವೆ. ಮೊದಲೇ ಲೆಕ್ಕ ಹಾಕಿ ಸಿದ್ಧಪಡಿಸಿದ ಕಲ್ಲುಗಳನ್ನು ತಂದು ಇಲ್ಲಿ ಜೋಡಿಸಿದರೆಂಬುದಕ್ಕೆ ಇವೇ ಸಾಕ್ಷಿ. ಒಂದು ಸ್ಥಾನವನ್ನು ಎರಡು ಮೂರು ಗುರುತುಗಳಿಂದಲೇ ನಿಖರವಾಗಿ ಹೇಳುವ ಈ ಉಪಾಯವನ್ನು ಶಾಲೆಯ ರೇಖಾಗಣಿತದಲ್ಲಿ ನಿರ್ದೇಶಾಂಕವೆಂದು ಕಲಿಸುತ್ತಾರೆ. ಹಂಪೆಯ ಶಿಲ್ಪಿಗೆ ಆ ಹೆಸರು ತಿಳಿಯದಿದ್ದರೂ ಆ ವಿದ್ಯೆ ಕೈಯಲ್ಲಿತ್ತು.

ಈ ವಿದ್ಯೆಯಲ್ಲಿ ಹೆಂಗಸರ ಪಾಲು ಎಷ್ಟಿತ್ತು? ಹಂಪೆಯ ಮಟ್ಟಿಗೆ ಇದಕ್ಕೆ ಒಂದು ಉತ್ತರ ದೊರೆಯುತ್ತದೆ. ಅಚ್ಯುತರಾಯನ ಕಾಲದಲ್ಲಿ, ೧೫೩೫ರ ಸುಮಾರಿಗೆ, ಕುದುರೆ ವ್ಯಾಪಾರಿಯಾಗಿ ಬಂದಿದ್ದ ಪೋರ್ಚುಗೀಸ ಫೆರ್ನಾವ್ ನ್ಯೂನಿಜ್ ವಿಜಯನಗರದ ವೃತ್ತಾಂತವನ್ನು ಬರೆದಿಟ್ಟಿದ್ದಾನೆ. ಅರಮನೆಯ ಬಾಗಿಲೊಳಗಿನ ಖರ್ಚುವೆಚ್ಚವನ್ನೆಲ್ಲ ಬರೆಯಲು ಹೆಂಗಸರಿದ್ದರೆಂದೂ, ರಾಜ್ಯದ ವಿದ್ಯಮಾನಗಳನ್ನು ಬರೆದುಕೊಂಡು ತಮ್ಮ ಪುಸ್ತಕಗಳನ್ನು ಹೊರಗಿನ ಕರಣಿಕರ ಪುಸ್ತಕಗಳೊಡನೆ ತಾಳೆ ನೋಡುವುದೂ ಕೆಲವರ ಕರ್ತವ್ಯವಾಗಿತ್ತೆಂದೂ ಅವನು ಹೇಳುತ್ತಾನೆ. ಒಳಗಿನ ಲೆಕ್ಕ ಬೇರೆ, ಹೊರಗಿನ ಲೆಕ್ಕ ಬೇರೆ. ಎರಡೂ ಒಂದಕ್ಕೊಂದು ಹೊಂದಿದರೆ ಸರಿ, ಹೊಂದದಿದ್ದರೆ ಎಲ್ಲಿಯೋ ತಪ್ಪಿದೆ. ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಿ. ಮುಂದೆ ಅದು ನಮಗೆ ಬೇಕಾಗುತ್ತದೆ.

ಕನ್ನಡ ನಾಡಿನಲ್ಲಿ ಗಣಿತಶಾಸ್ತ್ರಕ್ಕೆ ದೀರ್ಘವಾದ ಪರಂಪರೆಯಿದೆ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಬರೆದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಎಂಬ ಗ್ರಂಥಗಳನ್ನು ಕನ್ನಡದಲ್ಲಿಯೇ ರಚಿಸಿದನು. ಕ್ಷೇತ್ರಗಣಿತವೆಂದರೆ ಭೂಮಿಯ ಅಳತೆಯಿಂದ ಹುಟ್ಟಿದ ರೇಖಾಗಣಿತ. ಕಂಪ್ಲಿಯ ಕಾಲುವೆಯ ಕೆಳಗೆ ಗದ್ದೆಯುಳ್ಳವರಿಗೆ ಅದರ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಅದೇ ಶತಮಾನದಲ್ಲಿ, ೧೧೫೦ರಲ್ಲಿ, ಭಾಸ್ಕರಾಚಾರ್ಯನು ‘ಲೀಲಾವತಿ’ಯನ್ನು ಮುಗಿಸಿದನು.

‘ಲೀಲಾವತಿ’ಯಲ್ಲಿ ಆಚಾರ್ಯನು ಒಬ್ಬ ಹುಡುಗಿಯನ್ನು ಪ್ರೀತಿಯಿಂದ ಕರೆದು ಸಮಸ್ಯೆಗಳನ್ನು ಒಡ್ಡುತ್ತಾನೆ. ಆಕೆ ಅವನ ಮಗಳೆಂಬ ಕಥೆ ಪ್ರಚಾರಕ್ಕೆ ಬಂದದ್ದು ಅಕ್ಬರನ ಆಸ್ಥಾನದ ಫೈಜಿಯು ೧೫೮೭ರಲ್ಲಿ ಮಾಡಿದ ಪಾರಸಿ ಭಾಷಾಂತರದ ಮೂಲಕ. ಮಗಳೋ ಅಲ್ಲವೋ, ಗ್ರಂಥದ ತುಂಬ ಅವಳ ಹೆಸರಿದೆ. ಆದರೆ ಅವಳು ಕೊಟ್ಟ ಉತ್ತರ ಎಲ್ಲಿಯೂ ಇಲ್ಲ; ಅವಳು ಕೇಳಿದ ಪ್ರಶ್ನೆಯಂತೂ ಇಲ್ಲವೇ ಇಲ್ಲ. ಹಂಪೆಯ ಅರಮನೆಯ ಹೆಂಗಸರು ಲೆಕ್ಕ ಬರೆದರು, ಲೀಲಾವತಿ ಲೆಕ್ಕ ಕೇಳಿಸಿಕೊಂಡಳು. ಗಣಿತದಲ್ಲಿ ಹೊಸ ಪ್ರಶ್ನೆಯೊಂದನ್ನು ತಾನೇ ಎತ್ತಿ, ಲೋಕದ ವಿದ್ವಾಂಸರು ಅದರ ಬೆನ್ನು ಹತ್ತುವಂತೆ ಮಾಡಿದ ಮಹಿಳೆ ನಮ್ಮ ನಾಡಿನ ಕಾಲೇಜೊಂದರಿಂದ ಹೊರಬರಬೇಕಾದರೆ ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು. ಅವರೇ ಪ್ರಾಧ್ಯಾಪಕಿ ಸುಜಾತಾ ರಾಮದೊರೈ. ಅವರ ವಿದ್ಯಾಜೀವನದ ಕಥೆ ಪಟ್ಟಣದ ಪ್ರತಿಯೊಂದು ಮನೆಯಲ್ಲಿಯೂ ಕೇಳಬೇಕಾದಂಥದು.

ಸುಜಾತಾ ಅವರು ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಓದಿ ೧೯೮೨ರಲ್ಲಿ ಬಿ.ಎಸ್‌ಸಿ. ಪದವಿಯನ್ನು ಪಡೆದರು. ಎಂ.ಎಸ್‌ಸಿ. ಪದವಿ ಅವರಿಗೆ ದೊರೆತದ್ದು ೧೯೮೫ರಲ್ಲಿ, ಅಣ್ಣಾಮಲೈ ವಿಶ್ವವಿದ್ಯಾನಿಲಯದಿಂದ. ಆದರೆ ಅವರು ಅಲ್ಲಿನ ತರಗತಿಯಲ್ಲಿ ಕುಳಿತು ಓದಿದವರಲ್ಲ. ಅಂಚೆಯ ಮೂಲಕ ಪಾಠಗಳನ್ನು ತರಿಸಿಕೊಂಡು ಓದಿದವರು. ‘ಅಂಚೆ ಶಿಕ್ಷಣವೇ? ಅದೇನು ಓದು!’ ಎಂದು ಮೂಗು ಮುರಿಯುವವರನ್ನು ನಾವೆಲ್ಲ ಕಂಡಿದ್ದೇವೆ. ಗಣಿತದಂಥ ಕಠಿಣ ವಿಷಯವನ್ನು ಗುರುವಿನ ಎದುರಿನಲ್ಲಿ ಕೂರದೆ ಕಲಿಯುವುದು ಸುಲಭವಲ್ಲವೆಂಬುದು ನಿಜ. ಆದರೆ ಹಾಗೆ ಕಲಿತವರಿಗೆ ಒಂದು ಲಾಭವೂ ಉಂಟು. ಸಾಲಿನಿಂದ ಸಾಲಿಗೆ ದಾಟುವಾಗ ‘ಇದು ಹೇಗೆ ಬಂತು?’ ಎಂದು ತನ್ನನ್ನು ತಾನೇ ಕೇಳಿಕೊಳ್ಳದೆ ಅವರಿಗೆ ಬೇರೆ ದಾರಿಯಿರುವುದಿಲ್ಲ.

ಇಂಥದೇ ದಾರಿಯಲ್ಲಿ ನಡೆದ ಇನ್ನೊಬ್ಬ ಮಹಿಳೆ ಇಲ್ಲಿ ನೆನಪಿಗೆ ಬರುತ್ತಾರೆ. ಅವರು ಇಂಗ್ಲೆಂಡಿನ ಚಾರ್ಲೆಟ್ ಆಂಗಸ್ ಸ್ಕಾಟ್, ೧೮೫೮ರಲ್ಲಿ ಹುಟ್ಟಿದವರು, ರೇಖಾಗಣಿತದ ವಿದುಷಿ. ೧೮೮೦ರಲ್ಲಿ ಕೇಂಬ್ರಿಜ್‌ನ ಗಣಿತದ ಪರೀಕ್ಷೆಗೆ ವಿಶೇಷ ಅನುಮತಿ ಪಡೆದು ಕುಳಿತ ಅವರು ಎಂಟನೆಯ ಸ್ಥಾನಕ್ಕೆ ಸಮನಾದ ಅಂಕಗಳನ್ನು ಗಳಿಸಿದರು. ಹೆಣ್ಣಾದ ಕಾರಣ ಅವರ ಹೆಸರನ್ನು ಸಭೆಯಲ್ಲಿ ಓದಲಿಲ್ಲ. ಎಂಟನೆಯವನ ಹೆಸರು ಓದುವ ಹೊತ್ತಿಗೆ ನೆರೆದ ವಿದ್ಯಾರ್ಥಿಗಳೇ ‘ಗರ್ಟನ್ನಿನ ಸ್ಕಾಟ್’ ಎಂದು ಕೂಗಿದರಂತೆ. ಕೇಂಬ್ರಿಜ್ ಹೆಂಗಸರಿಗೆ ಪದವಿ ಕೊಡಲು ಆರಂಭಿಸಿದ್ದು ೧೯೪೮ರಲ್ಲಿ. ಸ್ಕಾಟ್ ಅಷ್ಟು ಕಾಲ ಕಾಯಲಿಲ್ಲ. ಲಂಡನ್ ವಿಶ್ವವಿದ್ಯಾನಿಲಯವು ಹೊರಗಿನ ವಿದ್ಯಾರ್ಥಿಗಳಿಗೂ ಪರೀಕ್ಷೆಯನ್ನು ತೆರೆದಿಟ್ಟಿತ್ತು. ಅಲ್ಲಿ ಬಾಹ್ಯ ಅಭ್ಯರ್ಥಿಯಾಗಿ ೧೮೮೨ರಲ್ಲಿ ಪದವಿಯನ್ನೂ ೧೮೮೫ರಲ್ಲಿ ಡಾಕ್ಟರೇಟನ್ನೂ ಪಡೆದು, ಅಮೆರಿಕದ ಬ್ರಿನ್ ಮಾರ್ ಕಾಲೇಜಿಗೆ ಅಧ್ಯಾಪಕಿಯಾಗಿ ಹೊರಟರು. ಸರಿಯಾಗಿ ಒಂದು ನೂರು ವರ್ಷದ ಅನಂತರ, ೧೯೮೫ರಲ್ಲಿ, ಸುಜಾತಾ ಅವರ ಕೈಗೆ ಅಂಚೆ ಶಿಕ್ಷಣದ ಎಂ.ಎಸ್‌ಸಿ. ಬಂದಿತು. ಹೆಬ್ಬಾಗಿಲು ತೆರೆಯದ ಕಡೆ ಪಕ್ಕದ ಬಾಗಿಲಿನಿಂದ ಬಂದವರು ಒಳಗಿನವರಿಗಿಂತ ಕಡಿಮೆಯವರೇನೂ ಅಲ್ಲವೆಂಬುದಕ್ಕೆ ಇತಿಹಾಸದಲ್ಲಿ ಹೀಗೆ ಸಾಕಷ್ಟು ಆಧಾರವಿದೆ.

ಅಲ್ಲಿಂದ ಸುಜಾತಾ ಅವರು ಹೋದದ್ದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗೆ. ಡಾ. ಹೋಮಿ ಭಾಭಾ ಅವರು ೧೯೪೫ರಲ್ಲಿ ಮೊದಲು ನಮ್ಮ ಬೆಂಗಳೂರಿನಲ್ಲಿಯೇ ಆರಂಭಿಸಿ, ಅದೇ ವರ್ಷ ಮುಂಬಯಿಗೆ ಒಯ್ದ ಸಂಸ್ಥೆ ಅದು. ದೇಶದ ಗಣಿತ ಸಂಶೋಧನೆಗೆ ಅದು ತವರುಮನೆಯಿದ್ದಂತೆ. ಅಲ್ಲಿ ಅವರಿಗೆ ದೊರೆತ ಮಾರ್ಗದರ್ಶಕರೂ ಒಬ್ಬ ಮಹಿಳೆಯೇ: ೧೯೪೮ರಲ್ಲಿ ತಮಿಳುನಾಡಿನಲ್ಲಿ ಹುಟ್ಟಿದ ರಾಮನ್ ಪರಿಮಳಾ. ಪರಿಮಳಾ ಅವರು ೧೯೭೬ರಲ್ಲಿ, ಇನ್ನೂ ಇಪ್ಪತ್ತೆಂಟರ ಹರೆಯದಲ್ಲಿ, ಬೀಜಗಣಿತದ ಒಂದು ಪ್ರಸಿದ್ಧ ಫಲಿತಾಂಶವನ್ನು ವರ್ಗರೂಪಗಳ ಕ್ಷೇತ್ರಕ್ಕೆ ಹಾಗೆಯೇ ವಿಸ್ತರಿಸಲು ಬಾರದೆಂಬುದನ್ನು ಒಂದೇ ಒಂದು ಉದಾಹರಣೆಯಿಂದ ತೋರಿಸಿ ಹೆಸರಾದವರು. ಎಲ್ಲರೂ ಹೌದೆನ್ನಬಹುದಾದ ಕಡೆ ಅಲ್ಲವೆಂದು ನಿಲ್ಲುವುದು ಗಣಿತದಲ್ಲಿಯೂ ಧೈರ್ಯದ ಕೆಲಸವೇ.

ಸುಜಾತಾ ಅವರಿಗೆ ಡಾಕ್ಟರೇಟ್ ಬಂದದ್ದು ೧೯೯೨ರಲ್ಲಿ. ಅವರ ಪ್ರಬಂಧದ ವಿಷಯ ವಾಸ್ತವ ಮೇಲ್ಮೈಗಳ ವಿಟ್ ಸಮೂಹಗಳು ಮತ್ತು ವಾಸ್ತವ ರೇಖಾಗಣಿತ. ಹೆಸರು ಕೇಳಿ ಹೆದರಬೇಕಾಗಿಲ್ಲ. ಒಂದು ಚಿತ್ರವನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಳೆಗಾಲದ ಬೆಳಗಿನಲ್ಲಿ ಸಂಡೂರಿನ ಬೆಟ್ಟಗಳ ನಡುವೆ ಮಂಜು ತುಂಬಿರುತ್ತದೆ. ಮಂಜಿನ ಮೇಲೆ ಶಿಖರಗಳು ಮಾತ್ರ ದ್ವೀಪಗಳಂತೆ ಬಿಡಿಬಿಡಿಯಾಗಿ ಕಾಣುತ್ತವೆ. ಮಂಜಿನ ಮಟ್ಟ ಏರಿದರೆ ದ್ವೀಪಗಳ ಸಂಖ್ಯೆ ಬೇರೆ, ಇಳಿದರೆ ಬೇರೆ. ಸಮೀಕರಣಗಳಿಂದ ಹುಟ್ಟಿದ ಮೇಲ್ಮೈಗಳೂ ಹೀಗೆಯೇ. ನಮ್ಮ ಕಣ್ಣಿಗೆ ಕಾಣುವ ವಾಸ್ತವ ಸಂಖ್ಯೆಗಳ ಲೋಕದಲ್ಲಿ ಅವು ಒಂದು, ಎರಡು ಅಥವಾ ಹಲವು ತುಂಡುಗಳಾಗಿ ತೋರುತ್ತವೆ. ಬರಿಯ ಸಮೀಕರಣವನ್ನು ಹಿಡಿದುಕೊಂಡು, ಚಿತ್ರ ಬರೆಯದೆಯೇ, ತುಂಡುಗಳ ವಿಷಯವನ್ನು ಹೇಳುವುದು ಹೇಗೆ?

ಇದಕ್ಕೆ ಒದಗುವ ಉಪಕರಣಗಳಲ್ಲಿ ವರ್ಗರೂಪ ಒಂದು. ವರ್ಗಗಳನ್ನು ಕೂಡಿಸಿಯೋ ಕಳೆದೋ ಮಾಡಿದ ಪದಸಮೂಹವೇ ವರ್ಗರೂಪ. ಅದರಲ್ಲಿ ಎಷ್ಟು ಕೂಡುವ ಚಿಹ್ನೆ, ಎಷ್ಟು ಕಳೆಯುವ ಚಿಹ್ನೆ ಎಂದು ಎಣಿಸಿ, ಎರಡರ ವ್ಯತ್ಯಾಸವನ್ನು ತೆಗೆದಿಡಿ. ಮೇಲ್ಮೈಯ ಒಂದು ತುಂಡಿನ ಮೇಲೆ ನೀವು ಎಲ್ಲಿಗೆ ನಡೆದು ಹೋದರೂ ಈ ವ್ಯತ್ಯಾಸ ಬದಲಾಗುವುದಿಲ್ಲ. ಬದಲಾಗಬೇಕಾದರೆ ಇನ್ನೊಂದು ತುಂಡಿಗೆ ಹಾರಬೇಕು. ಹೀಗೆ ಕೂಡಿಸುವ ಕಳೆಯುವ ಚಿಹ್ನೆಗಳು ಆಕಾರದ ಗುಟ್ಟನ್ನು ಹೊರಗೆಡಹುತ್ತವೆ. ಈ ರೂಪಗಳ ಲೆಕ್ಕವನ್ನು ಕ್ರಮಕ್ಕೆ ತಂದ ಜರ್ಮನ್ ಗಣಿತಜ್ಞ ಎರ್ನ್‌ಸ್ಟ್ ವಿಟ್‌ನ ಹೆಸರೇ ವಿಟ್ ಸಮೂಹಗಳಿಗೆ ಬಂದಿರುವುದು. ಬೀಜಗಣಿತದ ಭಾಷೆಯಲ್ಲಿ ರೇಖಾಗಣಿತವನ್ನು ಓದುವ ಈ ಅಭ್ಯಾಸ ಸುಜಾತಾ ಅವರ ಮುಂದಿನ ಕೆಲಸಕ್ಕೆಲ್ಲ ಅಡಿಪಾಯವಾಯಿತು.

ಮುಂದೆ ಅವರು ಹಿಡಿದ ದಾರಿ ದೀರ್ಘವೃತ್ತೀಯ ವಕ್ರರೇಖೆಗಳದು. ಇದನ್ನು ಅರಿಯಲು ಒಂದು ಹಳೆಯ ಸಮಸ್ಯೆಯಿಂದ ಆರಂಭಿಸುವುದು ಒಳ್ಳೆಯದು. ನಿಮ್ಮ ಮನೆಗೆ ಪಾಯ ತೆಗೆದ ಮೇಸ್ತ್ರಿ ಮೂಲೆ ಸರಿಯಿದೆಯೇ ಎಂದು ಹೇಗೆ ನೋಡಿದನು? ಒಂದು ಬದಿಗೆ ೩ ಅಡಿ, ಇನ್ನೊಂದು ಬದಿಗೆ ೪ ಅಡಿ ಗುರುತು ಹಾಕಿ, ಅವುಗಳ ನಡುವಿನ ದಾರ ೫ ಅಡಿ ಬಂದರೆ ಮೂಲೆ ನೆಟ್ಟಗಿದೆ ಎಂದನು. ಈ ತ್ರಿಭುಜದ ಕ್ಷೇತ್ರಫಲ ೬. ಹಾಗಾದರೆ ಕ್ಷೇತ್ರಫಲ ಸರಿಯಾಗಿ ೫ ಬರುವಂಥ ಲಂಬಕೋನ ತ್ರಿಭುಜ ಉಂಟೆ? ಬದಿಗಳು ಪೂರ್ಣಾಂಕವಾಗಿರಲಿ, ಭಿನ್ನರಾಶಿಯಾಗಿರಲಿ, ಚಿಂತೆಯಿಲ್ಲ. ಉಂಟು: ಮೂರರ ಎರಡನೆಯ ಒಂದು ಪಾಲು, ಅಂದರೆ ಒಂದೂವರೆ, ಒಂದು ಬದಿ, ೨೦/೩ ಇನ್ನೊಂದು ಬದಿ, ೪೧/೬ ಕರ್ಣ. ಇಟಲಿಯ ಪೀಸಾ ನಗರದ ಲಿಯೊನಾರ್ಡೊ ಹದಿಮೂರನೆಯ ಶತಮಾನದಲ್ಲಿಯೇ ಇದನ್ನು ಕಂಡುಕೊಂಡಿದ್ದನು. ಕ್ಷೇತ್ರಫಲ ೭ ಬರಬೇಕೆಂದರೆ ಬದಿಗಳು ೩೫/೧೨ ಮತ್ತು ೨೪/೫, ಕರ್ಣ ೩೩೭/೬೦. ಆದರೆ ಕ್ಷೇತ್ರಫಲ ೧ ಬರುವ ತ್ರಿಭುಜ? ಅದು ಸಾಧ್ಯವೇ ಇಲ್ಲವೆಂದು ಹದಿನೇಳನೆಯ ಶತಮಾನದ ಫ್ರಾನ್ಸಿನ ಫರ್ಮಾ ಸಾಧಿಸಿದನು. ೨ ಮತ್ತು ೩ ಕೂಡ ಆಗವು.

ಯಾವ ಸಂಖ್ಯೆಗೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ? ಪ್ರಾಥಮಿಕ ಶಾಲೆಯ ಮಕ್ಕಳಿಗೂ ಅರ್ಥವಾಗುವ ಈ ಪ್ರಶ್ನೆಗೆ ಪೂರ್ಣವಾದ ಉತ್ತರ ಇಂದಿಗೂ ಇಲ್ಲ. ಪ್ರತಿಯೊಂದು ಸಂಖ್ಯೆಗೂ ಒಂದೊಂದು ವಕ್ರರೇಖೆ ಉಂಟು. ಆ ರೇಖೆಯ ಮೇಲೆ ಭಿನ್ನರಾಶಿಗಳಿಂದ ಗುರುತಿಸಬಹುದಾದ ಬಿಂದುಗಳು ಅಸಂಖ್ಯಾತವಾಗಿದ್ದರೆ ತ್ರಿಭುಜ ದೊರೆಯುತ್ತದೆ, ಬೆರಳೆಣಿಕೆಯಷ್ಟಿದ್ದರೆ ದೊರೆಯುವುದಿಲ್ಲ. ಆ ರೇಖೆಗಳೇ ದೀರ್ಘವೃತ್ತೀಯ ವಕ್ರರೇಖೆಗಳು. ಹಂಪೆಯ ಕಲ್ಲಿನಂತೆ ಇಲ್ಲಿಯೂ ಪ್ರಶ್ನೆ ಬಿಂದುವಿನ ಅಂಕಿಗಳದೇ. ಇನ್ನೊಂದು ಕುತೂಹಲದ ಸಂಗತಿಯಿದೆ. ಈ ರೇಖೆಗಳು ದೀರ್ಘವೃತ್ತದ ಆಕಾರದಲ್ಲಿಲ್ಲ. ದೀರ್ಘವೃತ್ತದ ಸುತ್ತಳತೆಯನ್ನು ಕಂಡುಹಿಡಿಯುವ ಯತ್ನದಿಂದ ಯೂರೋಪಿನಲ್ಲಿ ಹುಟ್ಟಿದ ಗಣಿತದೊಡನೆ ಸಂಬಂಧವಿರುವುದರಿಂದ ಆ ಹೆಸರು ಬಂದಿದೆ. ದೀರ್ಘವೃತ್ತವನ್ನು ‘ಆಯತವೃತ್ತ’ವೆಂದು ಕರೆದು, ಅದರ ಸುತ್ತಳತೆಗೆ ಒಂದು ಸೂತ್ರವನ್ನು ಕೊಡಲು ಯತ್ನಿಸಿದವರಲ್ಲಿ ನಮ್ಮ ಮಹಾವೀರಾಚಾರ್ಯನೂ ಒಬ್ಬನು.

ಈ ರೇಖೆಗಳ ಅಭ್ಯಾಸದಲ್ಲಿ ಸುಜಾತಾ ಅವರಿಗೆ ಜೊತೆಯಾದವರು ಆಸ್ಟ್ರೇಲಿಯದಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಜಾನ್ ಕೋಟ್ಸ್ (೧೯೪೫–೨೦೨೨). ಫರ್ಮಾನ ಅಂತಿಮ ಪ್ರಮೇಯವನ್ನು ಸಾಧಿಸಿ ೧೯೯೫ರಲ್ಲಿ ಪ್ರಕಟಿಸಿದ ಆಂಡ್ರ್ಯೂ ವೈಲ್ಸ್ ಇದೇ ಕೋಟ್ಸರ ಶಿಷ್ಯ. ಕೋಟ್ಸ್ ಮತ್ತು ಸುಜಾತಾ ಜೊತೆಗೂಡಿ ಬರೆದ ಎರಡು ಗ್ರಂಥಗಳು ೨೦೦೦ ಮತ್ತು ೨೦೦೬ರಲ್ಲಿ ಹೊರಬಂದವು. ಇವರಿಬ್ಬರೂ ಕೈಹಾಕಿದ್ದು ಇವಾಸಾವಾ ಸಿದ್ಧಾಂತವೆಂಬ ಕ್ಷೇತ್ರಕ್ಕೆ. ಅದು ಜಪಾನಿನ ಕೆಂಕಿಚಿ ಇವಾಸಾವಾ (೧೯೧೭–೧೯೯೮) ಅವರು ೧೯೫೦ರ ದಶಕದಲ್ಲಿ ಆರಂಭಿಸಿದ ವಿಚಾರ.

ವಿರೂಪಾಕ್ಷನ ಗುಡಿಯ ಗೋಪುರವನ್ನು ನೆನೆಯಿರಿ. ಅದಕ್ಕೆ ಒಂಬತ್ತು ಅಂತಸ್ತು. ಒಂದು ಅಂತಸ್ತನ್ನು ಮಾತ್ರ ನೋಡಿದವನಿಗೆ ಅದರ ಅಳತೆಯಲ್ಲಿ ಏನೂ ವಿಶೇಷ ಕಾಣದು. ಕೆಳಗಿನಿಂದ ಮೇಲಿನವರೆಗೆ ಎಲ್ಲವನ್ನೂ ಒಟ್ಟಿಗೆ ನೋಡಿದಾಗ, ಅಂತಸ್ತಿನಿಂದ ಅಂತಸ್ತಿಗೆ ಅಳತೆ ಕಿರಿದಾಗುವ ಕ್ರಮ ಗೋಚರಿಸುತ್ತದೆ. ಇವಾಸಾವಾ ಅವರು ಕಟ್ಟಿದ್ದು ಸಂಖ್ಯೆಗಳ ಗೋಪುರ. ಅದಕ್ಕೆ ಅಂತಸ್ತುಗಳು ಅನಂತ. ಒಂದೊಂದು ಅಂತಸ್ತಿನಲ್ಲಿ ಬಿಡಿಸಲಾಗದ ಗೊಂದಲ ಇಡೀ ಗೋಪುರವನ್ನು ಏರುತ್ತ ಹೋದಂತೆ ಒಂದು ಸರಳ ನಿಯಮಕ್ಕೆ ಒಳಗಾಗುತ್ತದೆಂದು ಅವರು ತೋರಿಸಿದರು. ಇಷ್ಟರಿಂದ ಒಂದು ಲೆಕ್ಕ ಸಿಕ್ಕಿತು. ಇನ್ನೊಂದು ಲೆಕ್ಕ ತೀರ ಬೇರೆ ದಿಕ್ಕಿನಿಂದ, ಅನಂತ ಶ್ರೇಣಿಗಳ ಬೆಲೆಗಳಿಂದ, ಬರುತ್ತದೆ. ಎರಡೂ ತಾಳೆಯಾಗಬೇಕೆಂಬುದೇ ಈ ಸಿದ್ಧಾಂತದ ‘ಮುಖ್ಯ ಊಹೆ’. ನ್ಯೂನಿಜ್ ಕಂಡ ಅರಮನೆಯ ಹೆಂಗಸರು ಒಳಗಿನ ಪುಸ್ತಕವನ್ನು ಹೊರಗಿನ ಪುಸ್ತಕದೊಡನೆ ತಾಳೆ ನೋಡಿದಂತೆಯೇ ಇದು. ವ್ಯತ್ಯಾಸವೆಂದರೆ, ಅರಮನೆಯಲ್ಲಿ ಲೆಕ್ಕ ತಪ್ಪಿದರೆ ಕರಣಿಕನನ್ನು ಕೇಳಬಹುದಿತ್ತು. ಇಲ್ಲಿ ಪ್ರಕೃತಿಯನ್ನೇ ಕೇಳಬೇಕು.

ಇವಾಸಾವಾ ಅವರ ಗೋಪುರದಲ್ಲಿ ಒಂದು ಅನುಕೂಲವಿತ್ತು: ಎರಡು ಕ್ರಿಯೆಗಳನ್ನು ಯಾವ ಕ್ರಮದಲ್ಲಿ ಮಾಡಿದರೂ ಫಲ ಒಂದೇ. ಮೂರಕ್ಕೆ ಐದನ್ನು ಕೂಡಿಸಿದರೂ ಐದಕ್ಕೆ ಮೂರನ್ನು ಕೂಡಿಸಿದರೂ ಎಂಟು ತಾನೆ? ಆದರೆ ಲೋಕದಲ್ಲಿ ಎಲ್ಲವೂ ಹೀಗಿಲ್ಲ. ಹೊಸಪೇಟೆಯ ಬಸ್ ನಿಲ್ದಾಣದ ಎದುರಿಗೆ ನಿಂತು ನೂರು ಹೆಜ್ಜೆ ನಡೆದು ಎಡಕ್ಕೆ ತಿರುಗಿ ನಿಲ್ಲಿರಿ. ಮತ್ತೆ ಮೊದಲಿನ ಸ್ಥಳಕ್ಕೆ ಬಂದು, ಈ ಸಲ ಮೊದಲು ಎಡಕ್ಕೆ ತಿರುಗಿ ಆಮೇಲೆ ನೂರು ಹೆಜ್ಜೆ ನಡೆಯಿರಿ. ಎರಡು ಸಲವೂ ಮಾಡಿದ್ದು ಅದೇ ಎರಡು ಕೆಲಸ, ಆದರೆ ತಲಪಿದ ಸ್ಥಳಗಳು ಬೇರೆ. ದೀರ್ಘವೃತ್ತೀಯ ವಕ್ರರೇಖೆಗಳಿಂದ ಹುಟ್ಟುವ ಗೋಪುರಗಳಲ್ಲಿ ಬಹುಪಾಲು ಈ ಎರಡನೆಯ ಬಗೆಯವು. ಅಲ್ಲಿ ಕ್ರಮ ಕೆಟ್ಟರೆ ಲೆಕ್ಕ ಕೆಡುತ್ತದೆ. ಹಳೆಯ ಉಪಕರಣಗಳು ಅಲ್ಲಿ ಕೆಲಸ ಮಾಡುವುದಿಲ್ಲ. ಎರಡು ಪುಸ್ತಕಗಳನ್ನು ತಾಳೆ ನೋಡುವುದಿರಲಿ, ಎರಡನ್ನೂ ಯಾವ ಲಿಪಿಯಲ್ಲಿ ಬರೆಯಬೇಕೆಂಬುದೇ ಸ್ಪಷ್ಟವಿರಲಿಲ್ಲ.

೨೦೦೫ರಲ್ಲಿ ಐವರು ಗಣಿತಜ್ಞರು ಜೊತೆಗೂಡಿ ಇದನ್ನು ಸ್ಪಷ್ಟಪಡಿಸಿದರು. ಜಾನ್ ಕೋಟ್ಸ್, ಜಪಾನಿನ ಟಕಾಕೊ ಫುಕಾಯ ಮತ್ತು ಕಜುಯ ಕಾಟೊ, ಜರ್ಮನಿಯ ಓಟ್ಮಾರ್ ವೆನ್ಯಾಕೋಬ್ ಹಾಗೂ ಭಾರತದ ಸುಜಾತಾ. ಐವರಲ್ಲಿ ಇಬ್ಬರು ಮಹಿಳೆಯರು. ಪ್ಯಾರಿಸ್ಸಿನ ಬಳಿಯ ಉನ್ನತ ವಿಜ್ಞಾನಾಧ್ಯಯನ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಆ ಲೇಖನದಲ್ಲಿ, ಕ್ರಮಕ್ಕೆ ಬೆಲೆಯಿರುವ ಈ ಗೋಪುರಗಳಿಗೂ ಒಪ್ಪುವ ಮುಖ್ಯ ಊಹೆಯನ್ನು ಅವರು ಖಚಿತವಾದ ಮಾತುಗಳಲ್ಲಿ ಮುಂದಿಟ್ಟರು. ಊಹೆಯೆಂದರೆ ಬರಿಯ ಅಂದಾಜಲ್ಲ. ಸರಿಯಾದ ಪ್ರಶ್ನೆಯನ್ನು ಸರಿಯಾದ ಶಬ್ದಗಳಲ್ಲಿ ಕೇಳುವುದೇ ಗಣಿತದಲ್ಲಿ ಅರ್ಧ ವಿದ್ಯೆ. ಎಷ್ಟೋ ಸಲ ಉತ್ತರ ಸಿಗದಿರುವುದಕ್ಕೆ ಪ್ರಶ್ನೆ ಸರಿಯಾಗಿ ಹುಟ್ಟದಿರುವುದೇ ಕಾರಣ.

ಆ ಪ್ರಶ್ನೆ ವ್ಯರ್ಥವಾಗಲಿಲ್ಲ. ಅದೇ ಬಗೆಯ ಮುಖ್ಯ ಊಹೆಯನ್ನು ಪೂರ್ಣ ವಾಸ್ತವ ಸಂಖ್ಯಾಕ್ಷೇತ್ರಗಳೆಂಬ ಒಂದು ಮಹತ್ವದ ಸಂದರ್ಭದಲ್ಲಿ, ಒಂದು ಷರತ್ತಿಗೆ ಒಳಪಟ್ಟು, ಯೂರ್ಗೆನ್ ರಿಟ್ಟರ್ ಮತ್ತು ಆಲ್‌ಫ್ರೆಡ್ ವೈಸ್ ಒಂದು ಕಡೆಯಿಂದಲೂ ಮಹೇಶ್ ಕಾಕಡೆ ಇನ್ನೊಂದು ಕಡೆಯಿಂದಲೂ ಸ್ವತಂತ್ರವಾಗಿ ಸಾಧಿಸಿದರು. ಕಾಕಡೆ ಅವರೂ ಕೋಟ್ಸರ ಶಿಷ್ಯರೇ; ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಬೆಂಗಳೂರಿನಲ್ಲಿ ಓದು ಆರಂಭಿಸಿದ ಮಹಿಳೆಯೊಬ್ಬರು ಪಾಲುಗೊಂಡು ಎತ್ತಿದ ಪ್ರಶ್ನೆ ಲೋಕವನ್ನೆಲ್ಲ ಸುತ್ತಿ, ಅದಕ್ಕೆ ಉತ್ತರ ಹುಡುಕಿದವರೊಬ್ಬರೊಡನೆ ಮತ್ತೆ ಬೆಂಗಳೂರಿಗೇ ಬಂದಂತಾಯಿತು.

ಗೌರವಗಳು ತಾವಾಗಿ ಬಂದವು. ೨೦೦೪ರಲ್ಲಿ ಸುಜಾತಾ ಅವರಿಗೆ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ದೊರೆಯಿತು. ಗಣಿತದಲ್ಲಿ ಈ ಪ್ರಶಸ್ತಿಯನ್ನು ಪಡೆದ ಮೊದಲ ಮಹಿಳೆ ಅವರ ಗುರು ಪರಿಮಳಾ, ೧೯೮೭ರಲ್ಲಿ, ಎರಡನೆಯವರು ಶಿಷ್ಯೆ. ಮೂರನೆಯವರಾಗಿ ಕಲ್ಕತ್ತೆಯ ನೀನಾ ಗುಪ್ತಾ ಅವರು ಬಂದದ್ದು ೨೦೧೯ರಲ್ಲಿ. ಮೂವರ ನಡುವಿನ ಈ ಅಂತರಗಳನ್ನು ಗಮನಿಸಿ: ಹದಿನೇಳು ವರ್ಷ, ಮತ್ತೆ ಹದಿನೈದು ವರ್ಷ. ಅಭಿಮಾನಪಡುವುದರ ಜೊತೆಗೆ ಯೋಚಿಸಬೇಕಾದ ಅಂಕಿಗಳು ಇವು. ೨೦೦೬ರಲ್ಲಿ ಇಟಲಿಯ ಟ್ರಿಯೆಸ್ಟ್ ನಗರದ ಅಂತರರಾಷ್ಟ್ರೀಯ ಸಂಸ್ಥೆ ಕೊಡುವ ರಾಮಾನುಜನ್ ಬಹುಮಾನ ಸುಜಾತಾ ಅವರಿಗೆ ಬಂದಿತು. ಅಭಿವೃದ್ಧಿಶೀಲ ದೇಶಗಳ ತರುಣ ಗಣಿತಜ್ಞರಿಗಾಗಿಯೇ ಇಟ್ಟಿರುವ ಆ ಬಹುಮಾನವನ್ನು ಪಡೆದ ಮೊದಲ ಭಾರತೀಯರು ಅವರೇ. ಅನಂತರ ಅವರು ಕೆನಡಾದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ೨೦೨೦ರಲ್ಲಿ ಕೆನಡಾದ ಗಣಿತ ಸಂಘದ ಕ್ರೀಗರ್–ನೆಲ್ಸನ್ ಬಹುಮಾನವೂ ೨೦೨೩ರಲ್ಲಿ ಭಾರತ ಸರ್ಕಾರದ ಪದ್ಮಶ್ರೀಯೂ ದೊರೆತವು.

ಪರದೇಶಕ್ಕೆ ಹೋದರೂ ಅವರ ಲಕ್ಷ್ಯ ನಮ್ಮ ಮಕ್ಕಳ ಕಡೆಗಿದೆ. ೨೦೦೭ರಿಂದ ೨೦೦೯ರವರೆಗೆ ಅವರು ರಾಷ್ಟ್ರೀಯ ಜ್ಞಾನ ಆಯೋಗದ ಸದಸ್ಯರಾಗಿದ್ದರು. ನಮ್ಮ ಕೋಲಾರ ಜಿಲ್ಲೆಯ ಗಡಿಯಾಚೆ, ಆಂಧ್ರದ ಕುಪ್ಪಂ ಬಳಿ, ಅಗಸ್ತ್ಯ ಪ್ರತಿಷ್ಠಾನದ ಆವರಣದಲ್ಲಿ ೨೦೧೭ರಲ್ಲಿ ತೆರೆದ ರಾಮಾನುಜನ್ ಗಣಿತ ಉದ್ಯಾನದ ಹಿಂದೆ ಅವರ ಮತ್ತು ಅವರ ಪತಿಯ ನೆರವಿದೆ. ಗಣಿತ ಪ್ರಸಾರಕರಾದ ವಿ. ಎಸ್. ಎಸ್. ಶಾಸ್ತ್ರಿಯವರ ಶ್ರಮವಿದೆ. ಹಳ್ಳಿಯ ಮಕ್ಕಳು ಗಣಿತವನ್ನು ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ಕಲಿಯಲೆಂಬುದು ಆ ಉದ್ಯಾನದ ಉದ್ದೇಶ.

ಹೊಸಪೇಟೆ, ಸಂಡೂರು, ಕಂಪ್ಲಿಗಳಲ್ಲಿ ಲೆಕ್ಕದಲ್ಲಿ ಚುರುಕಾದ ಹೆಣ್ಣುಮಕ್ಕಳಿಗೆ ಬರವಿಲ್ಲ. ಪರೀಕ್ಷೆಯ ಫಲಿತಾಂಶ ಬಂದ ದಿನ ಮನೆಯವರೆಲ್ಲ ಸಂತೋಷಪಡುತ್ತಾರೆ. ಮರುವರ್ಷ ‘ಮುಂದಿನ ಓದಿಗೆ ದೂರ ಹೋಗಬೇಕು, ಲೆಕ್ಕ ಕಲಿತು ಏನು ಮಾಡುತ್ತಾಳೆ?’ ಎಂಬ ಮಾತು ಬರುತ್ತದೆ. ಆ ಮಾತಿನ ಹಿಂದೆ ಹಣದ ಅಡಚಣೆಯಿರಬಹುದು, ಮದುವೆಯ ಯೋಚನೆಯಿರಬಹುದು. ಹಿರಿಯರ ಕಷ್ಟವನ್ನು ಹಗುರವಾಗಿ ಕಾಣಬಾರದು. ಆದರೆ ದೂರ ಹೋಗಲಾಗದಿದ್ದರೆ ಓದೇ ಮುಗಿಯಿತೆಂದು ತಿಳಿಯಬೇಕಾಗಿಲ್ಲ. ಅಂಚೆಯಲ್ಲಿ ಬಂದ ಪಾಠಗಳಿಂದ ಎಂ.ಎಸ್‌ಸಿ. ಮಾಡಿದವರೊಬ್ಬರು ಜಗತ್ತಿನ ಗಣಿತಜ್ಞರ ಮೊದಲ ಸಾಲಿಗೆ ಹೋಗಿ ನಿಂತಿದ್ದಾರೆ. ಮನೆಯಲ್ಲಿ ಕುಳಿತೇ ಪದವಿಯ ಓದನ್ನು ಮುಂದುವರಿಸಲು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ೧೯೯೬ರಿಂದ ಇದೆ. ಸಂಡೂರಿನ ನಂದಿಹಳ್ಳಿಯಲ್ಲಿಯೇ ಸ್ನಾತಕೋತ್ತರ ಕೇಂದ್ರವಿದೆ. ಹುಡುಗಿಯ ಕೈಗೆ ಕಾಗದ ಪೆನ್ಸಿಲು ಕೊಟ್ಟು, ಸಂಜೆಯಲ್ಲಿ ಒಂದು ಗಂಟೆಯ ಬಿಡುವನ್ನು ಉಳಿಸಿಕೊಡುವುದು ಮನೆಯವರಿಂದ ಆಗುವ ಕೆಲಸ.

ಈ ತಿಂಗಳ ಒಂದು ಸಂಜೆ ರೇಡಿಯೋವನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಹೀಗೆ ಮಾಡಿ ನೋಡಿ. ಬದಿಗಳು ೮ ಮತ್ತು ೧೫, ಕರ್ಣ ೧೭ ಇರುವ ಲಂಬಕೋನ ತ್ರಿಭುಜವನ್ನು ಬರೆದು, ಅದರ ಕ್ಷೇತ್ರಫಲ ೬೦ ಎಂಬುದನ್ನು ಮಗಳಿಂದಲೇ ಕಂಡುಹಿಡಿಸಿ. ಬಳಿಕ ಮೂರು ಬದಿಗಳನ್ನೂ ಅರ್ಧ ಮಾಡಲು ಹೇಳಿ. ಕ್ಷೇತ್ರಫಲ ೩೦ ಬರುವುದೆಂದು ಅನೇಕರು ಆತುರದಿಂದ ಹೇಳುತ್ತಾರೆ, ಬರುವುದು ೧೫. ಏಕೆ ಹೀಗಾಯಿತೆಂದು ಅವಳು ಕೇಳಿದರೆ ಜೊತೆಗೆ ಕುಳಿತು ಉತ್ತರ ಹುಡುಕಿ. ೧೪ ಬರುವಂಥ ತ್ರಿಭುಜ ಉಂಟೇ ಎಂದು ಅವಳೇ ಮುಂದಿನ ಪ್ರಶ್ನೆಯನ್ನು ಎತ್ತಿದರೆ, ದಯವಿಟ್ಟು ‘ಅದೆಲ್ಲ ನಿನಗೇಕೆ?’ ಎನ್ನಬೇಡಿ.